ಹನ್ನೊಂದನೆಯ ಸಂಖ್ಯೆಯಿಂದ ಶುರುವಾದ ನೆನಪು

ಫೆಬ್ರವರಿ 24 ಬಂತೆಂದರೆ ನನ್ನ ಫೋನಿಗೆ ಒಂದೇ ಕಥೆ ನಾಲ್ಕಾರು ಗುಂಪುಗಳಿಂದ ಬಂದು ಬೀಳುತ್ತದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದರು. 1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ಒಂದು ಕ್ವಿಜ್ ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಪಟಪಟನೆ ಉತ್ತರಿಸಿದ ಹುಡುಗರಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ನೊಂದುಕೊಂಡ ಪೈ 'ಅಮರ ಚಿತ್ರಕಥೆ' ಶುರು ಮಾಡಿದರು. ಕೊನೆಯಲ್ಲಿ ಕೈಮುಗಿದ ಎರಡು ಎಮೋಜಿ. ಶ್ರದ್ಧಾಂಜಲಿ ಮುಗಿಯಿತು.

ಪೈ 2011ರಲ್ಲಿ ತೀರಿಕೊಂಡರು. ಅಂದಿನಿಂದ ಈ ಕಥೆ ಒಂದು ಅಕ್ಷರವೂ ಬದಲಾಗದೆ ಓಡಾಡುತ್ತಿದೆ. ಕ್ವಿಜ್ ಪ್ರಸಂಗವನ್ನು ಪೈ ಅವರೇ ಮತ್ತೆ ಮತ್ತೆ ಹೇಳಿದ್ದಾರೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದೊಂದೇ ಮೂಲಕಥೆಯಾಗಿ ನಿಂತುಬಿಟ್ಟಿರುವುದರ ಬಗ್ಗೆ ಇದೆ. ಅದಕ್ಕೆ ಕಾರಣ ಒಂದು ಸಣ್ಣ ಅಂಕಿ.

ಪೈ ಅವರ ಮೊದಲ ಚಿತ್ರಕಥೆ 'ಕೃಷ್ಣ'. ಹಳೆಯ ಸರಣಿಯಲ್ಲಿ ಅದರ ಸಂಖ್ಯೆ 11. ಹಾಗಾದರೆ ಒಂದರಿಂದ ಹತ್ತು ಎಲ್ಲಿ ಹೋದವು? ಅವು ಸಿಂಡರೆಲ್ಲಾ, ಪಿನೋಕಿಯೋ, ಅಲ್ಲಾದ್ದೀನ್, ಸ್ನೋ ವೈಟ್ ಮುಂತಾದ ಹೊರದೇಶಗಳ ಕಥೆಗಳು. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ 1965ರಲ್ಲಿ ಅವು ಬಂದದ್ದು ಕನ್ನಡದಲ್ಲಿ. ಹೌದು, ಕನ್ನಡದಲ್ಲಿ. ಇಂಗ್ಲಿಷ್ ಕಾಮಿಕ್ಸ್ ಓದಲಾಗದ ಮಗುವಿನ ಕೈಗೆ ಅದರದೇ ಭಾಷೆಯ ಬಣ್ಣದ ಪುಸ್ತಕ ಕೊಟ್ಟರೆ ಓದುತ್ತದೆ ಎಂದು ಪುಸ್ತಕ ಮಾರುವವರೊಬ್ಬರು ನಂಬಿದ್ದರಿಂದ ಅದು ಶುರುವಾಯಿತು. ಪೈ ಅವರ 'ಕೃಷ್ಣ' ಬಂದದ್ದು ಆಮೇಲೆ.

ಇದು ಬರೀ 'ಯಾರು ಮೊದಲು' ಎಂಬ ಜಗಳವಲ್ಲ. ಕ್ವಿಜ್ ಕಥೆಯನ್ನೇ ಆರಂಭ ಎಂದುಕೊಂಡರೆ ಅಮರ ಚಿತ್ರಕಥೆಯ ಮೊದಲ ಪ್ರಶ್ನೆ 'ನಮ್ಮ ಮಕ್ಕಳು ನಮ್ಮ ಪುರಾಣ ಮರೆತರಲ್ಲ' ಎಂಬುದಾಗುತ್ತದೆ. ಬೆಂಗಳೂರಿನಿಂದ ಶುರು ಮಾಡಿದರೆ ಅದು 'ನಮ್ಮ ಮಕ್ಕಳಿಗೆ ನಮ್ಮ ಭಾಷೆಯಲ್ಲಿ ಓದಲು ಏನಿದೆ' ಎಂಬುದಾಗುತ್ತದೆ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ಪುರಾಣ ಕೊಟ್ಟರೂ ಉತ್ತರವಾಯಿತು. ಎರಡನೆಯದಕ್ಕೆ ಕನ್ನಡ ಬೇಕೇ ಬೇಕು. ಯಾವುದನ್ನು ನೆನಪಿಟ್ಟುಕೊಂಡೆವು, ಯಾವುದನ್ನು ಬಿಟ್ಟೆವು ಎಂಬುದಕ್ಕೆ ಇಂದಿನ ನಮ್ಮ ಮಕ್ಕಳ ಪುಸ್ತಕದ ಕಪಾಟುಗಳೇ ಸಾಕ್ಷಿ.

ಭಕ್ತರ ಮಾತು ಇಷ್ಟಾಯಿತು. ಇನ್ನು ನಮ್ಮವರ, ಅಂದರೆ ಸೆಮಿನಾರಿನವರ ಮಾತು. ನಾನು ಕಾಮಿಕ್ಸ್ ಬಗ್ಗೆ ಕೆಲಸ ಮಾಡುತ್ತೇನೆ ಎಂದ ಕೂಡಲೇ ಎದುರಿನವರ ಮುಖದಲ್ಲಿ ಒಂದು ನಗು ಬರುತ್ತದೆ. 'ಅಮರ ಚಿತ್ರಕಥೆಯಾ? ಬ್ರಾಹ್ಮಣಿಕೆ, ಗಂಡಾಳಿಕೆ, ಬಿಳಿ ಚರ್ಮದ ದೇವರು, ಕಪ್ಪು ಚರ್ಮದ ರಾಕ್ಷಸರು. ಆಯ್ತಲ್ಲ, ಇನ್ನೇನಿದೆ?' ಈ ಆರೋಪಗಳು ಸುಳ್ಳಲ್ಲ. ಅಸುರರಿಗೆ ಹಚ್ಚಿದ ಬಣ್ಣ, ಪದ್ಮಿನಿಯ ಸಾವನ್ನು ವೈಭವವಾಗಿ ತೋರಿಸಿದ ರೀತಿ, ಮುಸ್ಲಿಂ ದೊರೆಗಳ ಮುಖಗಳು, ಇವನ್ನೆಲ್ಲ ನೋಡಿಯೂ 'ಮಕ್ಕಳ ಪುಸ್ತಕ ತಾನೆ' ಎನ್ನುವವರ ಜೊತೆ ನಾನಿಲ್ಲ. ಮಕ್ಕಳ ಪುಸ್ತಕ ಆದ್ದರಿಂದಲೇ ಅದು ಹೆಚ್ಚು ಗಂಭೀರ ವಿಷಯ. ನನ್ನ ತಲೆಯೊಳಗಿನ ರಾವಣನನ್ನು ಬರೆದವರು ಯಾವ ಮಹಾಕವಿಯೂ ಅಲ್ಲ, ದೊಡ್ಡಪ್ಪನ ಮನೆಯ ಅಟ್ಟದಲ್ಲಿದ್ದ, ರಟ್ಟು ಕಿತ್ತುಹೋದ ಚಿತ್ರಕಥೆಗಳ ಕಟ್ಟು.

ಆದರೆ ನಂದಿನಿ ಚಂದ್ರ (2008), ಕಾರ್ಲೀನ್ ಮೆಕ್ಲೇನ್ (2009) ಇಂಥವರು ಪುಟಪುಟ ತಿರುವಿ ಪುಸ್ತಕ ಬರೆದು ತಲುಪಿದ ಮಾತುಗಳನ್ನು ನಾವು ಪುಟ ತೆರೆಯದೆಯೇ ಒಪ್ಪಿಸುತ್ತಿದ್ದೇವೆ. ತೆರೆದಿದ್ದರೆ ತೊಡಕುಗಳು ಕಾಣುತ್ತಿದ್ದವು. ಇದೇ ಸಂಪಾದಕರು 1979ರಲ್ಲಿ 'ಬಾಬಾಸಾಹೇಬ ಅಂಬೇಡ್ಕರ್' ತಂದರು, ಚಿತ್ರ ದಿಲೀಪ್ ಕದಂ ಅವರದು. ಅದು ಅಂಬೇಡ್ಕರ್ ಅವರನ್ನು ಎಷ್ಟು ಸೌಮ್ಯಗೊಳಿಸಿತು ಎಂದು ಕೇಳಬೇಕು. ಜೊತೆಗೆ, ಆ ಕಾಲದಲ್ಲಿ ಎಷ್ಟು ಮಕ್ಕಳು ಬೇರೆಲ್ಲಿ ಅವರ ಮುಖ ನೋಡಬಹುದಿತ್ತು ಎಂದೂ ಕೇಳಬೇಕು. ಬಸವೇಶ್ವರ, ಪುರಂದರದಾಸ, ಟಿಪ್ಪು ಸುಲ್ತಾನ್ ಕೂಡ ಆ ಸರಣಿಯಲ್ಲಿದ್ದಾರೆ. ವಚನ ಚಳವಳಿಯಂಥದ್ದನ್ನು ಕೆಲವೇ ಪುಟಗಳ ಚೌಕಗಳಿಗೆ ಇಳಿಸುವಾಗ ಏನು ಉಳಿಯಿತು, ಏನು ಸೋರಿಹೋಯಿತು? ಕನ್ನಡದ ಸಂಶೋಧಕರು ಉತ್ತರಿಸಬೇಕಾದ ಪ್ರಶ್ನೆ ಇದು. ನಾವು ನಕ್ಕು ಮುಂದೆ ಹೋಗುತ್ತಿದ್ದೇವೆ.

ಭಕ್ತರೂ ಟೀಕಾಕಾರರೂ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರು: ಇಬ್ಬರಿಗೂ ಅಮರ ಚಿತ್ರಕಥೆ ಎಂದರೆ ಒಬ್ಬನೇ ಮನುಷ್ಯ. ಹೊಗಳಿಕೆಯೂ ಅವರಿಗೇ, ಬೈಗುಳವೂ ಅವರಿಗೇ. ಆದರೆ ಪೈ ಚಿತ್ರಕಾರರಲ್ಲ, ಸಂಪಾದಕರು. 'ಕೃಷ್ಣ'ನನ್ನು ಬರೆದ ಕೈ ರಾಮ್ ವಾಯೀರಕರ್ ಅವರದು. ಪ್ರತಾಪ್ ಮುಳೀಕ್ ಇದ್ದರು. ಕಥೆ ತಿದ್ದುವಲ್ಲಿ ಕಮಲಾ ಚಂದ್ರಕಾಂತ್, ಸುಬ್ಬ ರಾವ್ ಇದ್ದರು. 1980ರಲ್ಲಿ ಶುರುವಾದ 'ಟಿಂಕಲ್'ನ ಶಿಕಾರಿ ಶಂಭು ವಸಂತ್ ಹಳಬೆ ಅವರ ರೇಖೆ. ಸುಪ್ಪಂದಿ ಹುಟ್ಟಿದ್ದು ತಿರುಚಿರಾಪಳ್ಳಿಯ ಓದುಗರೊಬ್ಬರು ಕಳಿಸಿದ ಕಥೆಗಳಿಂದ, ಅವನಿಗೆ ಆ ವಿಚಿತ್ರ ಆಕಾರದ ತಲೆ ಕೊಟ್ಟವರು ಮತ್ತೆ ವಾಯೀರಕರ್. ಅವರು 2003ರಲ್ಲಿ ತೀರಿಕೊಂಡರು. ಅವರ ತಿಥಿಗೆ ನನ್ನ ಫೋನಿಗೆ ಒಂದು ಸಂದೇಶವೂ ಬಂದಿಲ್ಲ.

ಸಂಪಾದಕರ ಹಿರಿಮೆಯನ್ನು ಇದು ಕುಗ್ಗಿಸುತ್ತದೆಯೇ? ನನ್ನ ಪ್ರಕಾರ ಹೆಚ್ಚಿಸುತ್ತದೆ. ಹತ್ತಾರು ಕೈಗಳನ್ನು ಒಂದೆಡೆ ಸೇರಿಸಿ, ಓದುಗರು ಅಂಚೆಯಲ್ಲಿ ಕಳಿಸಿದ ಕಥೆಗಳಿಗೂ ಜಾಗ ಕೊಟ್ಟು, ದಶಕಗಟ್ಟಲೆ ಪುಸ್ತಕ ತರುವುದು ಸಣ್ಣ ಕೆಲಸವಲ್ಲ. ಆ ಕೆಲಸವನ್ನು ಕೆಲಸವಾಗಿ ನೋಡಿದರೆ ಹೊಗಳುವುದಕ್ಕೂ ಹೊಣೆ ಕೇಳುವುದಕ್ಕೂ ದಾರಿಯಾಗುತ್ತದೆ. ಯಾವ ಕಥೆ ಆಯ್ದರು, ಯಾವುದನ್ನು ಬಿಟ್ಟರು, ಯಾರಿಗೆ ಯಾವ ಬಣ್ಣ ಹಚ್ಚಲು ಒಪ್ಪಿದರು ಎಂದು ಕೇಳಬಹುದು. 'ಅಂಕಲ್ ಪೈ' ಎಂದು ಕರೆದು ಮನೆಯ ಮಾವನನ್ನಾಗಿ ಮಾಡಿಕೊಂಡರೆ ಕೇಳಲಾಗದು. ಮಾವನನ್ನು ಯಾರು ಪ್ರಶ್ನಿಸುತ್ತಾರೆ?

ಕೊನೆಗೊಂದು ಸ್ವಂತ ಸಂಗತಿ. ಕನ್ನಡದ ಆ ಮೊದಲ ಹತ್ತು ಪುಸ್ತಕಗಳನ್ನು ಹುಡುಕಿಕೊಂಡು ಒಂದು ದೊಡ್ಡ ಗ್ರಂಥಾಲಯಕ್ಕೆ ಹೋಗಿದ್ದೆ. ಮೇಜಿನ ಹಿಂದಿದ್ದವರು ಕನ್ನಡಕದ ಮೇಲಿಂದ ನೋಡಿ, 'ಅವೆಲ್ಲ ಮಕ್ಕಳವು ಕಣಮ್ಮ, ಹರಿದ ಮೇಲೆ ರದ್ದಿಗೆ ಹಾಕ್ತೀವಿ, ರಿಜಿಸ್ಟರಿನಲ್ಲೂ ಇರಲ್ಲ' ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಓದಲು ಯೋಗ್ಯವಲ್ಲ ಎಂದು ನಾವು ವಿದ್ವಾಂಸರು ಹೇಳಿದ್ದನ್ನೇ ಅವರು ಪಾಲಿಸಿದ್ದಾರೆ.

ಹಾಗಾಗಿ ಬರುವ ಫೆಬ್ರವರಿಯಲ್ಲಿ ಕೈಮುಗಿದ ಎಮೋಜಿ ಬೇಡ. ಅಟ್ಟ ಹತ್ತಿ ನೋಡಿ. 1965ರ ಆ ಕನ್ನಡದ ಪುಸ್ತಕಗಳಲ್ಲಿ ಒಂದು ಸಿಕ್ಕರೂ ರದ್ದಿಯವನಿಗೆ ಹಾಕಬೇಡಿ, ಸ್ಕ್ಯಾನ್ ಮಾಡಿಸಿ ಇಡಿ. ಪೈ ಅವರ ಬಗ್ಗೆ ಬರೆಯುವಾಗ ಪಕ್ಕದಲ್ಲಿ ಒಬ್ಬ ಚಿತ್ರಕಾರನ ಹೆಸರನ್ನೂ ಬರೆಯಿರಿ. ಆಮೇಲೆ ಹೊಗಳಿ, ಬೈಯಿರಿ, ಎರಡನ್ನೂ ಮಾಡಿ. ಆದರೆ ಮೊದಲು ಪುಸ್ತಕ ತೆರೆಯಿರಿ.