ಕ್ರೆಡಿಟ್ ಅಂದರೆ ಯಾವ ಕ್ರೆಡಿಟ್?

ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಅತಿ ಹೆಚ್ಚು ಗೊಂದಲ ಮಾಡುವ ಪದ ‘ಕ್ರೆಡಿಟ್’. ಅಂಗಡಿಯಲ್ಲಿ ಅದು ಉದ್ರಿ, ನಮ್ಮ ಮನೆಯ ಉರ್ದುವಿನಲ್ಲಿ ಉಧಾರ್. ಬ್ಯಾಂಕಿನ ಮೆಸೇಜಿನಲ್ಲಿ ಜಮಾ. ಗೆದ್ದ ತಂಡದ ನಾಯಕ ಕೋಚ್‌ಗೆ ಕೊಡುವಾಗ ಶ್ರೇಯಸ್ಸು. ಇದರ ಬೇರು ‘ನಂಬು’ ಎಂಬ ಅರ್ಥದ ಲ್ಯಾಟಿನ್ ಪದ. ನಂಬಿ ಕೊಟ್ಟದ್ದೇ ಉದ್ರಿ.

ಲೆಕ್ಕದಲ್ಲಿ ಮಾತ್ರ ಅದು ಖಾತೆಯ ಬಲಬದಿ. ನಾವು 1,000 ರೂಪಾಯಿ ಬ್ಯಾಂಕಿಗೆ ಕಟ್ಟಿದರೆ ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆ ಡೆಬಿಟ್ ಆಗುತ್ತದೆ. ಪಾಸ್‌ಬುಕ್‌ನಲ್ಲಿ ಅದೇ ಹಣ ಕ್ರೆಡಿಟ್. ಎರಡೂ ಸರಿ. ನಮಗೆ ಆ ಹಣ ಆಸ್ತಿ, ಬ್ಯಾಂಕಿಗೆ ಅದು ನಮಗೆ ಹಿಂದಿರುಗಿಸಬೇಕಾದ ಸಾಲ.

ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದವರು ಇಲ್ಲಿ ಎಡವಿದರೆ ‘ನನಗೆ ಇಂಗ್ಲಿಷ್ ಬರಲ್ಲ’ ಎಂದುಕೊಂಡು ಸುಮ್ಮನಾಗುತ್ತಾರೆ. ಕೆಲವರು ಕಾಮರ್ಸೇ ಬೇಡ ಎನ್ನುತ್ತಾರೆ. ಆದರೆ ಇಂಗ್ಲಿಷ್ ಮಾಧ್ಯಮದವರೂ ಇದೇ ಜಾಗದಲ್ಲಿ ಎಡವುತ್ತಾರೆ. ತೊಡಕು ನಮ್ಮ ಬುದ್ಧಿಯದ್ದಲ್ಲ, ಪದಕ್ಕಿರುವ ಹಲವು ಅರ್ಥಗಳದ್ದು.

ಹೊಸ ಪಾಠ ಆರಂಭಿಸುವಾಗ ಇಂಥ ಪದಗಳನ್ನು ಮೂರು ಭಾಷೆಗಳಲ್ಲೂ ಬೋರ್ಡಿನ ಮೇಲೆ ಬರೆಯಬೇಕೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಐದು ನಿಮಿಷ ಸಾಕು. ಗೆಳೆಯರೇ, ನಾವೂ ನಾಚಿಕೆ ಬಿಟ್ಟು ಕೈ ಎತ್ತೋಣ: ‘ಸರ್, ಇದು ಯಾರ ಪುಸ್ತಕದ ಕ್ರೆಡಿಟ್?’