ಬಿಲ್ ಕೇಳೋದು ಜಗಳ ಅಲ್ಲ

ಕನಕಪುರ, ಹಾರೋಹಳ್ಳಿ, ಕಗ್ಗಲೀಪುರದ ಕಡೆ ರಾತ್ರಿ ಯಾರಿಗಾದರೂ ಎದೆನೋವು ಬಂದರೆ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದರೆ, ಗಾಡಿ ಓಡೋದು ಬೆಂಗಳೂರಿನ ಕಡೆಗೆ. ಬನಶಂಕರಿ, ಪದ್ಮನಾಭನಗರ, ಜಯನಗರ, ಯಾವ ಆಸ್ಪತ್ರೆಯ ಬೋರ್ಡು ಮೊದಲು ಕಂಡಿತೋ ಅಲ್ಲಿಗೆ. ಆ ಹೊತ್ತಲ್ಲಿ ರೇಟು ಕೇಳುವವರು ಯಾರು? ಸಂತೆಯಲ್ಲಿ ಹುರುಳಿ ಕೊಳ್ಳಲು ನಾಲ್ಕು ಅಂಗಡಿ ತಿರುಗುವ ನಾವು, ಇಲ್ಲಿ ಬೆರಳು ತೋರಿಸಿದ ಕಡೆ ಸಹಿ ಹಾಕುತ್ತೇವೆ. ಬೆಳಿಗ್ಗೆ ಬಿಲ್ ಬರುತ್ತದೆ. ಅದನ್ನು ಓದುವವರಿಲ್ಲ. ಕೊನೆಯ ಮೊತ್ತ ನೋಡಿ ಸಾಲಕ್ಕೆ ಊರಿಗೆ ಫೋನ್ ಮಾಡುತ್ತೇವೆ.

ನಮಗೆ ಪರಿಚಯದ ರೈತರೊಬ್ಬರು ಪದ್ಮನಾಭನಗರದ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಅವರ ತಂದೆ ಎಮರ್ಜೆನ್ಸಿಯಲ್ಲಿ ಇದ್ದದ್ದು ಒಂದೇ ರಾತ್ರಿ. ‘ಔಷಧಿ’ ಅಂತ ಒಂದು ಸಾಲು, ‘ಇತರೆ’ ಅಂತ ಇನ್ನೊಂದು. ಎರಡರ ಮುಂದೆಯೂ ದೊಡ್ಡ ಮೊತ್ತ, ವಿವರ ಇಲ್ಲ. ಒಂದೊಂದು ಐಟಂ ಬಿಡಿಸಿ ಬರೆದ ಬಿಲ್ ಕೇಳಿ ಅಂದೆವು. ‘ಸಿಸ್ಟಮ್ಮಲ್ಲಿ ಹಾಗೇ ಬರೋದು’ ಅಂದರಂತೆ ಕೌಂಟರಿನವರು. ಬಿಳಿ ಹಾಳೆಯಲ್ಲಿ ಬರೆದು ಕೊಟ್ಟ ಮೇಲೆ ಮೂರು ಪುಟದ ಬಿಲ್ ಬಂತು. ಒಂದು ಸಲ ಮಾಡಿದ ಸ್ಕ್ಯಾನು ಅದರಲ್ಲಿ ಎರಡು ಸಲ ಇತ್ತು. ತೋರಿಸಿದ ಮೇಲೆ ತೆಗೆದರು. ಯಾರೂ ಕೂಗಾಡಲಿಲ್ಲ.

ಕಾನೂನು ನಮ್ಮ ಕಡೆಗೇ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು, ಜನ ಕೆಪಿಎಂಇ ಅನ್ನುತ್ತಾರೆ. ಅದರ ಪ್ರಕಾರ ಆಸ್ಪತ್ರೆ ದರಪಟ್ಟಿ ಕಾಣುವಂತೆ ಹಾಕಬೇಕು, ತುರ್ತು ಹೊತ್ತಲ್ಲಿ ಅಡ್ವಾನ್ಸ್ ಕಟ್ಟಿ ಅಂತ ಪಟ್ಟು ಹಿಡಿಯಬಾರದು. ರೋಗಿ ತೀರಿಕೊಂಡರೆ ಬಾಕಿಯ ನೆಪ ಹೇಳಿ ಶವ ತಡೆಯಬಾರದು. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅನ್ನೋದು ವೈದ್ಯರದೇ ವೃತ್ತಿ ನಿಯಮ, 2002ರಿಂದ ಇದೆ.

ಆದರೆ ಬೆಲೆ? ಅಲ್ಲಿಯೇ ನಮ್ಮ ತಕರಾರು. 2017ರಲ್ಲಿ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕಲು ತಿದ್ದುಪಡಿ ತಂದರು. ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಪಾಸಾದದ್ದು ಹಲ್ಲು ಕಿತ್ತ ಕಾಯ್ದೆ. ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳಿಯಿತು. ಕೈಯಿಂದ ದುಡ್ಡು ಕಟ್ಟುವವರ ಪಾಡು ಹಳೆಯದೇ.

ಕಟ್ಟಡದ ಬಾಡಿಗೆ, ನರ್ಸುಗಳ ಸಂಬಳ, ಯಂತ್ರದ ಸಾಲ ಅಂತ ವೈದ್ಯರು ಹೇಳೋದು ಸುಳ್ಳಲ್ಲ. ಚಿಕ್ಕ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರಿಗೆ ಅದು ನಿಜವಾದ ಹೊರೆ. ಆದರೆ ದರ ಕಟ್ಟಲು ಆಗೋದೇ ಇಲ್ಲ ಅನ್ನೋದನ್ನು ನಾವು ಒಪ್ಪೋದಿಲ್ಲ. 2020ರ ಜೂನಿನಲ್ಲಿ ಇದೇ ಸರ್ಕಾರಿ ಯಂತ್ರ ಕೋವಿಡ್ ಚಿಕಿತ್ಸೆಗೆ ದರ ಕಟ್ಟಿತು. ಸ್ವಂತ ದುಡ್ಡಿನ ರೋಗಿಗೆ ಜನರಲ್ ವಾರ್ಡು ದಿನಕ್ಕೆ 10,000, ವೆಂಟಿಲೇಟರ್ ಇರುವ ಐಸಿಯು 25,000 ರೂಪಾಯಿ. ಹೃದಯದ ಸ್ಟೆಂಟಿಗೂ 2017ರ ಫೆಬ್ರುವರಿಯಲ್ಲಿ ಕೇಂದ್ರ ಬೆಲೆ ಕಟ್ಟಿದೆ. ಅದು ಸಾಧ್ಯವಾದರೆ ತಲೆಗೆ ಹೊಲಿಗೆ ಹಾಕೋದಕ್ಕೆ, ಒಂದು ರಾತ್ರಿಯ ಎಮರ್ಜೆನ್ಸಿ ಹಾಸಿಗೆಗೆ ಯಾಕೆ ಆಗೋದಿಲ್ಲ? ಚೌಕಾಸಿ ಮಾಡಲು ಆಗದ ಜಾಗ ಅದೊಂದೇ.

ದೂರಿನ ದಾರಿಯೂ ಹಳ್ಳಿಯವರಿಗೆ ದೂರವೇ. ಕೆಪಿಎಂಇ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಆಸ್ಪತ್ರೆ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಗೇ ದೂರು ಕೊಡಬೇಕು. ಪದ್ಮನಾಭನಗರದ ಬಿಲ್ಲಾದರೆ ಬೆಂಗಳೂರು ನಗರ ಜಿಲ್ಲೆಗೆ. ಕೂಲಿ ಬಿಟ್ಟು ಎಷ್ಟು ಸಲ ಬಸ್ಸು ಹತ್ತೋದು? ತಾಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲೇ ದೂರು ತೆಗೆದುಕೊಂಡು ಅಲ್ಲಿಗೆ ಕಳಿಸುವ ವ್ಯವಸ್ಥೆ ಬೇಕು. ಬಿಲ್ ಕನ್ನಡದಲ್ಲೂ ಬೇಕು.

ಅಲ್ಲಿಯವರೆಗೆ ಗ್ರಾಹಕರ ಆಯೋಗ ಹತ್ತಿರದ್ದು. 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ನೀವು ಕಟ್ಟಿದ್ದು 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮೊದಲು ವಿಚಾರಿಸಲು 1915ಕ್ಕೆ ಫೋನ್ ಮಾಡಿ. ದುಡ್ಡು ಕಟ್ಟದೆ ಬಿಡೋದಿಲ್ಲ ಅಂದರೆ ಕಟ್ಟಿ, ಆದರೆ ‘ಆಕ್ಷೇಪಣೆ ಇಟ್ಟುಕೊಂಡು ಕಟ್ಟಿದ್ದೇನೆ’ ಅಂತ ಹಾಳೆಯಲ್ಲಿ ಬರೆದು ಅವರಿಗೆ ಕೊಡಿ, ಅದರ ಫೋಟೊ ತೆಗೆದುಕೊಳ್ಳಿ. ರಸೀದಿ, ಡಿಸ್ಚಾರ್ಜ್ ಹಾಳೆ, ಮಾತ್ರೆ ಚೀಟಿ ಯಾವುದನ್ನೂ ಎಸೆಯಬೇಡಿ.