ಉಪವಿಷಯವೇ ಮುಖ್ಯವಾಗುವ ಕಡೆ

ನಮ್ಮ ಘಟ್ಟಗಳಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಹರಪನಹಳ್ಳಿ, ಹಡಗಲಿ ಸೀಮೆಯನ್ನು ಮುಟ್ಟುತ್ತಾರೆ. ಆದರೆ ಸಂರಕ್ಷಣೆ ಎಂದೊಡನೆ ಮಲೆನಾಡಿನ ಹಸಿರನ್ನಷ್ಟೇ ನೆನೆಯುವ ನಾವು ಆ ಬಯಲುಸೀಮೆಯನ್ನು ಮರೆಯುತ್ತೇವೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನು ಕಟ್ಟಿದ್ದು ನೀರಾವರಿಗಾಗಿ. ಕಾಲಕ್ರಮದಲ್ಲಿ ಅದರೊಳಗಿನ ಜಾಲಿಮರಗಳು ಬಣ್ಣದ ಕೊಕ್ಕರೆ ಮೊದಲಾದ ನೀರುಹಕ್ಕಿಗಳ ತವರಾದವು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು; 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗುಡ್ಡಗಳು 2013ರಿಂದ ಕರಡಿಧಾಮ. ಗೆದ್ದಲು, ಇರುವೆ ತಿನ್ನುವ ಕರಡಿ, ಹಣ್ಣು ತಿಂದು ಬೀಜವನ್ನೂ ಬಿತ್ತುತ್ತದೆ. ಹಸಿದಾಗ ಶೇಂಗಾ ಹೊಲಕ್ಕೂ ಇಳಿಯುತ್ತದೆ.

ಈ ಕೆರೆ, ಈ ಗುಡ್ಡಗಳ ಭವಿಷ್ಯ ಪ್ರಾಣಿಶಾಸ್ತ್ರಜ್ಞರ ಕೈಯಲ್ಲಷ್ಟೇ ಇಲ್ಲ. ಹೂಳೆತ್ತುವ ಕಾಮಗಾರಿಗೆ ಅಂದಾಜುಪಟ್ಟಿ ಬರೆಯುವ ಎಂಜಿನಿಯರ್, ಬೆಳೆಹಾನಿ ಲೆಕ್ಕ ಹಾಕುವ ಗುಮಾಸ್ತ, ಪಂಚಾಯಿತಿ ಸದಸ್ಯ, ವಕೀಲ, ರೈತ ಇವರೇ ದಿನನಿತ್ಯದ ನಿರ್ಣಾಯಕರು. ಗೂಡಿರುವ ಜಾಲಿಯನ್ನು ಹೂಳಿನೊಡನೆ ಕಿತ್ತರೆ ಹಕ್ಕಿಗೆ ನೆಲೆಯಿಲ್ಲವೆಂಬುದು ಇವರಿಗೆ ತಿಳಿಯದಿದ್ದರೆ, ಸಂಶೋಧಕರ ಪ್ರಬಂಧಗಳಿಂದ ಏನು ಪ್ರಯೋಜನ?

ಆದ್ದರಿಂದ ಜೀವವಿಜ್ಞಾನ ಮತ್ತು ಸಂರಕ್ಷಣೆಯು ಕಲಾ, ವಾಣಿಜ್ಯ ವಿದ್ಯಾರ್ಥಿಗಳಿಗೂ ಉಪವಿಷಯವಾಗಿ ದೊರೆಯಬೇಕು. ಸರ್ವೋಚ್ಚ ನ್ಯಾಯಾಲಯದ 1991ರ ತೀರ್ಪಿನ ಫಲವಾಗಿ ಪದವಿ ತರಗತಿಗಳಿಗೆ ಕಡ್ಡಾಯ ಪರಿಸರ ಅಧ್ಯಯನ ಬಂದಿತಾದರೂ, ಅದು ಬಹುತೇಕ ಕಡೆ ಪರೀಕ್ಷೆಯ ಹಿಂದಿನ ರಾತ್ರಿಯ ಕಂಠಪಾಠವಾಯಿತು. 2021ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ಬಂದ ಮೇಜರ್–ಮೈನರ್ ಪದ್ಧತಿ ವಿಷಯಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ತೆರೆದಿತ್ತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀತಿ ಯಾವುದೇ ಇರಲಿ, ಆ ಕಿಂಡಿ ಮುಚ್ಚಬಾರದು.

ಇದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಇತಿಹಾಸದ ವಿದ್ಯಾರ್ಥಿ ಕೆರೆಯ ಹಳೆಯ ನೀರುಹಂಚಿಕೆಯನ್ನು ಹಿರಿಯರಿಂದ ಕೇಳಿ ಬರೆಯಲಿ. ವಾಣಿಜ್ಯದ ವಿದ್ಯಾರ್ಥಿನಿ ಕರಡಿ ಹಾಳುಮಾಡಿದ ಹೊಲದಲ್ಲಿ ನಿಂತು ನಷ್ಟ, ಪರಿಹಾರಗಳ ಲೆಕ್ಕ ತೆಗೆಯಲಿ. ಇಬ್ಬರೂ ಮೂರು ವರ್ಷ ಒಂದೇ ಕೆರೆಯ ಹಕ್ಕಿಗಳನ್ನು ಎಣಿಸಲಿ. ಕೊಟ್ಟೂರಿನ ಮನೆಯಂಗಳದಿಂದ ಬಂದವರಿಗೆ ಆ ಕೆರೆ ಪರಸ್ಥಳವೇನಲ್ಲ.

ಇದರಿಂದ ನೌಕರಿ ಸಿಗುವುದೇ ಎಂದು ಪೋಷಕರು ಕೇಳುವುದು ಸಹಜ. ಸಿಗುತ್ತದೆಂದು ಭರವಸೆ ನೀಡಲಾರೆವು. ಆದರೆ ನಾಳೆ ಯಾವ ನೌಕರಿಯಲ್ಲಿದ್ದರೂ, ಕೆರೆಯ ಕಡತವೊಂದು ಮೇಜಿಗೆ ಬಂದಾಗ ಅವರು ಸಹಿ ಹಾಕುವ ಮುನ್ನ ಒಮ್ಮೆ ಕೆರೆಯ ದಂಡೆಗೆ ಹೋಗಿ ನೋಡಿಬರುತ್ತಾರೆ. ಆ ಅಭ್ಯಾಸವನ್ನು ಕಲಿಸುವುದು ವಿಶ್ವವಿದ್ಯಾಲಯದ ಕೆಲಸವಲ್ಲದಿದ್ದರೆ, ಮತ್ತಾರ ಕೆಲಸ?